ಗುರುವಾರ ಗಿರಣಿಗೆ ರಜೆ

ಉಳಿದ ದಿನ ಆಗುವುದಿಲ್ಲ.
ಕೆಳಗೆ ಘಾಡಗೆಯವರ ಹಿಟ್ಟಿನ ಗಿರಣಿ;
ಬೆಳಗಿನಿಂದ ಜೋಳ, ಬಾಜ್ರಾ, ಗೋಧಿ.
ಮೇಲೆ ನಮ್ಮ ವಾಚನಾಲಯದ ನೆಲ ಅಂಗಾಲಿಗೆ ಗುಂಯ್‌ಗುಡುತ್ತದೆ,
ಕಾದಂಬರಿಗಳ ನೆತ್ತಿಯ ಮೇಲೆಲ್ಲ ಸಣ್ಣ ಹಿಟ್ಟು.

ಹಾಗಾಗಿ ಗುರುವಾರ. ಡೊಂಬಿವಲಿಯಲ್ಲಿ ಸಂಜೆ ಆರಕ್ಕೆ
ವಾರಿಜಾ ಸಾಲ್ಯಾನ್ ಕಿಟಕಿಗೆ ಸೊಲ್ಲಾಪುರದ ಚಾದರ ಕಟ್ಟಿ,
ಫ್ಯಾನು ಆರಿಸಿ,
ಎರಡು ಉಕ್ಕಿನ ಕಪಾಟುಗಳ ನಡುವೆ ಕುರ್ಚಿ ತೂರಿಸಿ,
ಫೋನನ್ನು ನಿಘಂಟಿಗೆ ಒರಗಿಸಿ
“ಶುರು ಮಾಡಲಾ?” ಎಂದು ನನ್ನನ್ನು ಕೇಳುತ್ತಾರೆ.
ಅದೂ ರೆಕಾರ್ಡ್ ಆಗಿರುತ್ತದೆ, ಪ್ರತಿ ಸಲ.
ಅಳಿಸುವುದು ನನಗೆ ಬರುವುದಿಲ್ಲ.

ಓದಲು ಬರುವವರು ದಿನಕ್ಕೆ ನಾಲ್ಕು ಮಂದಿ,
ಇಬ್ಬರು ಪೇಪರಿಗೆ, ಒಬ್ಬರು ಫ್ಯಾನಿನ ಗಾಳಿಗೆ.
ಪಾಡ್‌ಕಾಸ್ಟ್ ಕೇಳುವವರು ನಲವತ್ತಮೂರು,
ಅದರಲ್ಲಿ ನಾನೇ ಐದಾರು ಸಲ.

ಮೊದಲ ಕಂತಿನಲ್ಲಿ ಹೊಸ ಪುಸ್ತಕಗಳ ಪಟ್ಟಿ; ಯಾರೂ ತುಟಿ ಬಿಚ್ಚಲಿಲ್ಲ.
ಎರಡನೆಯದರಲ್ಲಿ ಅಧ್ಯಕ್ಷರ ಭಾಷಣ; ಇದ್ದವರೂ ಕಮ್ಮಿಯಾದರು.
ಏಳನೆಯ ವಾರ, ಓದಲು ಏನೂ ಹೊಳೆಯದೆ,
ವಾರಿಜಕ್ಕ ಹಳೆಯ ಲೆಡ್ಜರು ತೆರೆದು
ಒಯ್ದು ಮರಳಿಸದವರ ಹೆಸರು ಕರೆಯತೊಡಗಿದರು,
ಹಾಜರಿ ತೆಗೆದುಕೊಳ್ಳುವ ಟೀಚರಿನ ಹಾಗೆ:

ನಂಬರು ನಾನೂರ ಹನ್ನೆರಡು. ಶೀನ ಕೋಟ್ಯಾನ್.
ರಾತ್ರಿ ಶಾಲೆ, ಎಂಟನೆಯ ಇಯತ್ತೆ.
ವಿಳಾಸ: ಸ್ಟೇಷನ್ ಎದುರಿನ ಹೋಟೆಲು, ಮಾಳಿಗೆ.
ಎಪ್ಪತ್ತೊಂಬತ್ತನೆಯ ಇಸವಿ, ಜುಲೈ.
“ಇದ್ದರೆ ತನ್ನಿ ಮಾರಾಯ್ರೇ. ದಂಡ ಇಲ್ಲ.
ಇಲ್ಲದಿದ್ದರೂ ಬನ್ನಿ.”
ಹಿಂದೆ ಕರ್ಜತ್ ಫಾಸ್ಟ್ ಹಾದುಹೋದ ಸದ್ದು.

ಮೂರು ವಾರದ ಮೇಲೆ ನಾಲಾಸೋಪಾರಾದಿಂದ ಒಂದು ದನಿ.
ಅರ್ಧ ಮರಾಠಿ, ಅರ್ಧ ತುಳು, ಕನ್ನಡ ಉಪ್ಪಿನಷ್ಟು:
ನೀವು ಪಪ್ಪನ ಹೆಸರು ಕರೆದಿರಿ.
ಅವರು ಹೋಗಿ ಆರು ವರ್ಷ.
ಪುಸ್ತಕ ಇದೆ, ರಟ್ಟಿಲ್ಲ.
ಏನು ಅದರ ಹೆಸರು?

ಬಂದಳು ಯೋಗಿತಾ, ಸೀರೆ ಅಂಗಡಿಯ ಚೀಲದಲ್ಲಿ ಅದನ್ನಿಟ್ಟುಕೊಂಡು.
ಮಾತು ತಿಳಿಯುತ್ತದೆ, ಅಕ್ಷರ ಬಾರದು.
ತೊಂಬತ್ತಾರನೆಯ ಪುಟದ ಮೂಲೆ ಮಡಚಿತ್ತು;
ಸಂದಿಯಲ್ಲಿ ಹೋಟೆಲಿನ ಬಿಲ್ಲು, ಎರಡು ಇಡ್ಲಿ ಒಂದು ಚಾ,
ಅದರ ಬೆನ್ನಿಗೆ ಪೆನ್ಸಿಲಿನಲ್ಲಿ
ಶೀನ, ಶೀನ, ಶೀನ,
ಕೊನೆಯದಕ್ಕೆ ಮಾತ್ರ ಕೆಳಗೊಂದು ಗೆರೆ, ಎರಡು ಚುಕ್ಕೆ.

“ಇಲ್ಲಿಂದ ಓದಿ” ಅಂದಳು.
ಮೊದಲಿನಿಂದ ಬೇಡವಾ?
“ಅಲ್ಲಿಯವರೆಗೆ ಅವರು ಓದಿ ಆಗಿದೆಯಲ್ಲ.”

ಆದರೆ ಅಂದು ಬುಧವಾರ.
ನಾನು ಇಳಿದು ಹೋಗಿ ಘಾಡಗೆಗೆ ಅರ್ಧ ಗಂಟೆ ಕೇಳಿದೆ.
ಏನಕ್ಕೆ ಎಂದರು. ಒಬ್ಬರ ಪುಸ್ತಕ ಅರ್ಧಕ್ಕೆ ನಿಂತಿದೆ ಎಂದೆ,
ನನ್ನ ಮರಾಠಿಯಲ್ಲಿ ಅದು ಹೇಗೆ ಕೇಳಿಸಿತೋ ಏನೋ,
ರೆಪ್ಪೆಯ ಹಿಟ್ಟು ಒರೆಸಿಕೊಂಡು ಸ್ವಿಚ್ಚು ಎಳೆದರು.
ಡಬ್ಬ ಹಿಡಿದು ನಿಂತ ಮೂವರು ಹೆಂಗಸರು ಸುಮ್ಮನಿರಲಿಲ್ಲ.

ಆ ಕಂತು ಕೇಳಿದರೆ ತಿಳಿಯುತ್ತದೆ:
ಮೊದಲು ಅವರ ಗೊಣಗಾಟ,
ಬೆಲ್ಟು ನಿಧಾನಿಸಿ ನಿಧಾನಿಸಿ ನಿಲ್ಲುವುದು,
ಒಂದು ಕೆಮ್ಮು, ಯಾರದೋ.
ಆಮೇಲೆ ತೊಂಬತ್ತಾರನೆಯ ಪುಟ, ಮೇಲಿನಿಂದ ಮೂರನೆಯ ಸಾಲು.