ಅತಿ ದೊಡ್ಡ ತುಂಡು

ಬಿತೊಮ್ ಊರಿನ ಕೆಳಗೆ ನೆಲ ಗಟ್ಟಿಯಿಲ್ಲ.
ಕಲ್ಲಿದ್ದಲು ಬಗೆದು ಬಗೆದು
ಉಳಿದದ್ದು ಖಾಲಿ, ಅದೂ ಚೂರುಚೂರು.
ನಮ್ಮ ಮೂರನೇ ಮಹಡಿಯಲ್ಲಿ ಗೋಲಿ ಬಿಟ್ಟರೆ
ತಾನಾಗಿಯೇ ಕಿಟಕಿಯ ಕಡೆ ಹೊರಡುತ್ತದೆ.

ಗೋಡೆಯ ಬಿರುಕಿನ ಎರಡು ದಡಕ್ಕೂ ಮೊಳೆ ಹೊಡೆದು
ಭಾನುವಾರ ಭಾನುವಾರ ನಡುವಿನ ದೂರ ಅಳೆಯುತ್ತೇನೆ.
ಗಣಿಯ ನಕ್ಷೆಕೋಣೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದವಳ ಚಟ.
ಬರೆದಿಡುವುದು ಅಮಿಗಾದಲ್ಲಿ: ಎಂಟು ಮೆಗಾಬೈಟು,
ಹಳದಿಗಟ್ಟಿದ ಮೈ, ಎರಡು ಕೀಲಿ ಅಂಟಂಟು.

ಗೆರೆ ಎಳೆಯುವ ಪ್ರೋಗ್ರಾಮು ಮಾತ್ರ ನಮ್ಮ ಮನೆಯದಲ್ಲ.
ವಿಶ್ವವಿದ್ಯಾಲಯದ ದೊಡ್ಡ ಯಂತ್ರದಲ್ಲಿ ಹುಟ್ಟಿ ಬೆಳೆದದ್ದು;
ಗ್ಲಿವಿತ್ಸೆಯ ತಿಮೊನ್ ಎಂಬಾತ ಕೈಹಿಡಿದು ಇತ್ತ ದಾಟಿಸಿದ,
ಜೊತೆಗೊಂದು ಚೀಟಿ ಇಟ್ಟ:
'ಹದಿನಾರಾದರೂ ಬೇಕು. ಸ್ಟ್ಯಾಕ್ ಮೊದಲೇ ಹಿಗ್ಗಿಸಿ.
ಇಲ್ಲವಾದರೆ ಹೇಳದೆ ಕೇಳದೆ ಬೀಳುತ್ತದೆ. ಕ್ಷಮಿಸಿ.'

ಬಂಗಲೆಯಿಂದ ಬಂದ ನೆಂಟ.
ಎಲ್ಲ ಕೋಣೆಯ ದೀಪ ಹಾಕುತ್ತಾನೆ,
ಒಂದು ಲೋಟ ನೀರಿಗೆ ಹಂಡೆ ಕೇಳುತ್ತಾನೆ,
ಹೊರಡುವಾಗ ತಕ್ಕೊಂಡದ್ದನ್ನು ವಾಪಸು ಇಡುವುದಿಲ್ಲ.
ಸೊಕ್ಕಲ್ಲ ಪಾಪ,
ಅವನೂರಲ್ಲಿ ಹಿಂದಿನಿಂದ ಗುಡಿಸುವವರಿದ್ದರು.
ಇಲ್ಲಿ ಗುಡಿಸುವುದೆಂದರೆ
ಯಂತ್ರವನ್ನೇ ಆರಿಸಿ ಮತ್ತೆ ಹಚ್ಚುವುದು.

ಹಾಗಾಗಿ, ಅವನು ಬರುವ ಮುಂಚೆ
ಹಿನ್ನೆಲೆಯ ಚಿತ್ರ ತೆಗೆದೆ. ತಾತ್ರಾ ಬೆಟ್ಟ, ಚೆನ್ನಾಗಿತ್ತು.
ಮೂಲೆಯ ಗಡಿಯಾರ ನಿಲ್ಲಿಸಿದೆ.
ಹದಿನಾರು ಬಣ್ಣ ನಾಲ್ಕಾಯಿತು, ನಾಲ್ಕು ಎರಡಾಯಿತು.
ಪೋಲಿಷ್ ಫಾಂಟೂ ಹೊರಗೆ ನಡೆಯಿತು;
ಬಾಲ ಕಳಚಿದ ಅಕ್ಷರಗಳಲ್ಲಿ
ನನ್ನ ಬೀದಿ ಇನ್ನಾರದೋ ಬೀದಿ.
ಈಗ ಎಷ್ಟಿದೆ, ಕೇಳಿದೆ.
ಒಟ್ಟು: ಐದೂವರೆ ಮೆಗಾಬೈಟು.
ಅತಿ ದೊಡ್ಡ ತುಂಡು: ಆರುನೂರು ಕಿಲೋಬೈಟು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಹಾಸಿಗೆಯೇ ಹರಿದು
ಒಂದು ತುಂಡು ಅಡುಗೆಮನೆಯಲ್ಲಿ, ಒಂದು ಮೆಟ್ಟಿಲ ಮೇಲೆ,
ಒಂದು ಪಕ್ಕದವರ ಮನೆಯಲ್ಲಿದ್ದರೆ?

ಕೆಳಮನೆಯ ಕ್ಸವೆರಿ ಗಸಗಸೆ ಕೇಕಿನ ಆಸೆಗೆ ಬಂದವನು
'ನನ್ನ ಫೋನಿನಲ್ಲಿ ಇದರ ಐನೂರು ಪಟ್ಟಿದೆ, ಪಾನಿ ಬೊಗ್ನಾ' ಅಂದ.
'ಹಾಗಾದರೆ ಬಿರುಕಿನದೊಂದು ಫೋಟೊ ತೆಗಿ.'
ಒತ್ತಿದ. ಇನ್ನೊಮ್ಮೆ ಒತ್ತಿದ.
'ಜಾಗ ಸಾಲದು ಅಂತಿದೆ.'
ಇಬ್ಬರೂ ಕೇಕು ತಿಂದೆವು.

ಕೊನೆಗೆ ಲೆಕ್ಕವನ್ನು ವರ್ಷ ವರ್ಷವಾಗಿ ಕತ್ತರಿಸಿದೆ.
ಒಂದು ವರ್ಷವನ್ನು ಒಳಗೆ ಬಿಡು, ಗೆರೆ ಎಳೆಸು, ಕಾಗದಕ್ಕೆ ಇಳಿಸು,
ಆರಿಸು, ಹಚ್ಚು, ಮುಂದಿನದನ್ನು ಕರೆ.
ಎಂಟು ವರ್ಷ ಸುಸೂತ್ರ.
ಒಂಬತ್ತನೆಯದಕ್ಕೆ ತೆರೆಯ ಮೇಲೆ ಕೆಂಪು ಚೌಕಟ್ಟು ಮಿಣುಕಿತು.

ಆ ವರ್ಷ ದಿನಾ ಅಳೆದಿದ್ದೆ.
ಎದುರಿನ ಕಟ್ಟಡವನ್ನು ಖಾಲಿ ಮಾಡಿಸಿದ ವರ್ಷ;
ಹಾಸಿಗೆ, ಹಂಡೆ, ಪಿಯಾನೋ, ಒಂದು ಬೆಕ್ಕು ಬೀದಿಯಲ್ಲಿ ನಿಂತಿದ್ದವು.
ಬೆಳಗ್ಗೆ ಅಳೆದು, ಮಲಗುವ ಮುಂಚೆ ಮತ್ತೆ ಅಳೆದು
ಎದ್ದು ಇನ್ನೊಮ್ಮೆ.
ಅಷ್ಟೂ ಹಿಡಿಸುವ ತುಂಡು ಈ ಪೆಟ್ಟಿಗೆಯಲ್ಲಿಲ್ಲ.

ಯಾವ ದಿನ ಬಿಡಲಿ?
ಏನೂ ಬದಲಾಗದ ದಿನಗಳನ್ನು ಬಿಟ್ಟೆ.
ಅವೇ ಒಳ್ಳೆಯ ದಿನಗಳಾಗಿದ್ದವು.

ಹದಿನೇಳು ಕಾಗದ ನೆಲದ ಮೇಲೆ ಉದ್ದಕ್ಕೆ.
ಕ್ಸವೆರಿ ಗೋಂದು ಹಚ್ಚುತ್ತಾನೆ, ಬೆರಳು ನೆಕ್ಕುತ್ತಾನೆ.
ಒಂಬತ್ತು ಹತ್ತನ್ನು ಮುಟ್ಟುವಲ್ಲಿ
ಗೆರೆ ಕೂದಲೆಳೆಯಷ್ಟು ತಪ್ಪಿದೆ.
ಗೋಡೆಯದೋ, ನೆಂಟನದೋ, ಅಂಟಿಸಿದ ಕೈಯದೋ.
ಪೆನ್ಸಿಲು ಹುಡುಕಿದೆ.
ಅದು ಕಿಟಕಿಯ ಕೆಳಗೆ ಉರುಳಿ ಹೋಗಿತ್ತು.