ಎರಡಕ್ಷರದ ಬಾಡಿಗೆ

ಫುನಾಫುಟಿಯ ಸರ್ಕಾರಿ ಕಚೇರಿಯಲ್ಲಿ
ನನ್ನ ಮೇಜಿನ ಮೇಲೆ ಎರಡು ಕಡತ.
ಒಂದು ದಪ್ಪ: ಇಂಟರ್ನೆಟ್ ಯಾರು ಕೊಡಬೇಕು,
ಎಷ್ಟಕ್ಕೆ, ಯಾವ ವೇಗದಲ್ಲಿ, ಕೈಕೊಟ್ಟರೆ ದಂಡವೆಷ್ಟು.
ಇನ್ನೊಂದು ತೆಳ್ಳಗೆ, ಪ್ಲಾಸ್ಟಿಕ್ ಹೊದಿಕೆಯೊಳಗೆ:
ಚುಕ್ಕೆ, ಟಿ, ವಿ.
ಲೋಕದ ವಿಳಾಸಪಟ್ಟಿಯಲ್ಲಿ
ಟುವಾಲು ಎಂಬ ನಮ್ಮ ಪಾಲಿಗೆ ಬಿದ್ದ ಎರಡಕ್ಷರ.

ಅದನ್ನು ಬಾಡಿಗೆಗೆ ಕೊಟ್ಟಿದ್ದೇವೆ.
ಬಾಡಿಗೆದಾರರ ಮುಖ ನಾನು ಕಂಡಿಲ್ಲ.
ಹಣ ಬರುತ್ತದೆ, ರಸ್ತೆಗೆ ಡಾಂಬರು ಬಿತ್ತು.
ನಮ್ಮ ಹೆಸರಿನ ಬಾಲ ಹಿಡಿದು
ಎಲ್ಲಿಯದೋ ಹುಡುಗರು ರಾತ್ರಿಯೆಲ್ಲ ಆಟ ತೋರಿಸುತ್ತಾರಂತೆ,
ಒಂದು ಸಲವೂ ತೊದಲದ ಚಿತ್ರ.
ಇಲ್ಲಿ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ.
ದೀಪದ ಬುಡದ ಕತ್ತಲನ್ನು
ನಮಗೆ ಯಾರೂ ವಿವರಿಸಬೇಕಿಲ್ಲ.

ಗುರುವಾರ ಆಸ್ಪತ್ರೆಯ ನರ್ಸ್ ಟೆಪೋಲಾ ಬಂದಳು,
ಒದ್ದೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು.
ಸುವಾದ ಡಾಕ್ಟರಿಗೆ ಕಳಿಸಬೇಕಾದ ಎಕ್ಸ್‌ರೇ,
ಎಂಟು ವರ್ಷದ ಹುಡುಗನ ಮೊಣಕೈ,
ಶೇಕಡಾ ಎಪ್ಪತ್ತೊಂದಕ್ಕೆ ಬಂದು ನಿಲ್ಲುತ್ತದಂತೆ.
ಐದು ಸಲ.
ದೂರಿನ ಫಾರಂ ಕೊಟ್ಟೆ. ತುಂಬಿದಳು. ತಲೆಯೆತ್ತಿದಳು.
"ಆ ಹೆಸರು ನಮ್ಮದೇ ತಾನೆ?"
ನಮ್ಮದೇ.
"ಮತ್ತೆ ಅದರ ಮೇಲೆ ಎಲ್ಲರದೂ ಹೋಗುತ್ತದೆ,
ನಮ್ಮದು ಯಾಕೆ ಹೋಗಲ್ಲ?"

ಹೆಸರು ಬೇರೆ, ದಾರಿ ಬೇರೆ ಎಂದೆ.
ಹೆಸರು ಬರೆದಿಟ್ಟುಕೊಳ್ಳುವವರು ದಾರಿ ಹಾಕುವುದಿಲ್ಲ,
ದಾರಿಗೆ ಪರವಾನಗಿ ಕೊಡುವ ನಾನು
ಹೆಸರಿನ ಬೀಗ ಮುಟ್ಟುವಂತಿಲ್ಲ.
ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು,
ಮನೆಯ ನಾಮಫಲಕ ಬಾಡಿಗೆಗೆ ಬಿಟ್ಟವನು
ಮೆಟ್ಟಿಲು ಯಾಕಿಲ್ಲ ಎಂಬುದಕ್ಕೆ ಕಾನೂನು ಓದಿದ ಹಾಗೆ.
"ಮೊಣಕೈ ಯಾವ ಕಡತಕ್ಕೂ ಸೇರಲ್ಲ ಅನ್ನಿ," ಎಂದು
ಚಪ್ಪಲಿ ಮೆಟ್ಟಿ ಹೋದಳು.

ಆ ರಾತ್ರಿ ಒಂಬತ್ತಕ್ಕೆ ರೇಡಿಯೋದಲ್ಲಿ ಹೇಳಿಸಿದೆ,
ಯಾವ ಕಲಮಿನಡಿ ಎಂದು ಈಗಲೂ ಗೊತ್ತಿಲ್ಲ:
ಕಾಲು ಗಂಟೆ ಎಲ್ಲರೂ ಫೋನು ಆರಿಸಿ.
ಸೆಕೆ ತಾಳದೆ ರನ್‌ವೇ ಮೇಲೆ ಚಾಪೆ ಹಾಸಿದ್ದವರು
ಫೋನನ್ನು ಎದೆಯ ಮೇಲೆ ಬೋರಲು ಮಲಗಿಸಿದರು.
ನಮ್ಮ ಮಾವ ವಾಲೂಆ ಪಂದ್ಯ ನೋಡುತ್ತಿದ್ದ,
ಗೊಣಗಿದ, ಬೈದ, ಆರಿಸಿದ.
ಬೆಳಕು ಒಂದೊಂದಾಗಿ ಕಡಿಮೆಯಾಗಿ
ನೀರಿನ ಸದ್ದು ಹತ್ತಿರ ಬಂತು.

ಎಂಬತ್ತು. ಎಂಬತ್ತೆಂಟು.
ಮೊಣಕೈ ಸುವಾ ಮುಟ್ಟಿತು.

ಬೆಳಿಗ್ಗೆ ವರದಿ ಬರೆಯಲು ಕೂತರೆ
'ಸೇವೆ ಒದಗಿಸಿದವರ ಹೆಸರು' ಎಂಬ ಖಾನೆ.
ಮೂರು ಇಂಚು ಉದ್ದ, ಇಡೀ ಊರು ಹಿಡಿಸುವುದಿಲ್ಲ.
ಬಹಳ ಹೊತ್ತು ಪೆನ್ನು ಹಿಡಿದೇ ಇದ್ದೆ.
ಕಡೆಗೊಂದು ಚುಕ್ಕೆ ಇಟ್ಟೆ.
ಅದರ ಮುಂದಿನ ಎರಡಕ್ಷರ
ಬರೆಯಲಿಲ್ಲ.