ಮೂವತ್ತೇಳು

ನನ್ನ ಜಾಮಿಟ್ರಿ ಬಾಕ್ಸಿನಲ್ಲಿ ಮೂರು ರಬ್ಬರಿದ್ದವು.
ಒಂದು ಸವೆದು ಹುಣಸೆಬೀಜದಷ್ಟಾಗಿತ್ತು.
ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಸರಿಯಿದ್ದುದನ್ನೂ ಒರೆಸಿ,
ಪಕ್ಕದ ಸಾಲಿಗೆ ಕತ್ತು ಚಾಚಿ,
ಅವರ ತಪ್ಪನ್ನು ದುಂಡಗೆ ಇಳಿಸಿಕೊಂಡು ಬರುತ್ತಿದ್ದವಳು ನಾನು.
‘ಅಲ್ವಾ?’ ಎನ್ನದೆ ನನ್ನ ಯಾವ ಮಾತೂ ಮುಗಿಯುತ್ತಿರಲಿಲ್ಲ.
‘ಹಸಿವಾಗ್ತಿದೆ, ಅಲ್ವಾ?’ ಎಂದು ಅವ್ವನನ್ನು ಕೇಳುತ್ತಿದ್ದೆ,
ನನ್ನದೇ ಹೊಟ್ಟೆಯ ಸುದ್ದಿ.

ಅಂಥವಳನ್ನು ಒಂಬತ್ತನೇ ಕ್ಲಾಸಿನಲ್ಲಿ
ಜಿಂಕೆ ಎಣಿಸಲು ಮೈದನಹಳ್ಳಿ ಕಾವಲಿಗೆ ಕಳಿಸಿದರು.
ಹೆಸರು ಕೊಟ್ಟಿದ್ದು ನಾನಲ್ಲ.
ಕೊಟ್ಟವಳಿಗೆ ಜ್ವರ.

ಕಾಡು ಅಂದುಕೊಂಡು ಹೋದರೆ ಮರಗಳೇ ಇಲ್ಲ.
ಹುಲ್ಲು. ಮೊಣಕಾಲುದ್ದದ, ಒಣಗಿದ, ಗೋಣಿಬಣ್ಣದ ಹುಲ್ಲು.
ಅಲ್ಲೊಂದು ಬಂದರೆಗಿಡ, ಇಲ್ಲೊಂದು ಕಾರೆಮುಳ್ಳು,
ಮಿಕ್ಕಿದ್ದೆಲ್ಲ ಆಕಾಶ.
ಅವಿತುಕೊಳ್ಳಲು ಗೋಡೆಯಿಲ್ಲ, ಒರಗಲು ಕಂಬವಿಲ್ಲ.
ರಾತ್ರಿ ಟೆಂಟಿನಾಚೆ ಟಿಟ್ಟಿಭವೊಂದು
ಯಾರೋ ಬಂದರು, ಯಾರೋ ಬಂದರು ಎಂದು ಕೂಗುತ್ತಲೇ ಇತ್ತು.
ಬಂದಿದ್ದು ನಾವೇ.
ನಡುರಾತ್ರಿ ತಡೆಯಲಾರದೆ ಒಬ್ಬಳೇ ಎದ್ದೆ.
ಇಪ್ಪತ್ತು ಹೆಜ್ಜೆಗೆ ಟಾರ್ಚು ಕೈಕೊಟ್ಟಿತು.
ನಿಂತೆ.
ಸ್ವಲ್ಪ ಹೊತ್ತಿಗೆ ನನ್ನ ಪಾದ ನನಗೆ ಕಂಡಿತು,
ಬರೀ ಚುಕ್ಕಿಗಳ ಬೆಳಕಿನಲ್ಲಿ, ಚಪ್ಪಲಿಯ ಹರಿದ ಬಾರಿನ ಸಮೇತ.

ಬೆಳಗಿನ ಜಾವ ವಾಚರ್ ರಂಗಶಾಮಯ್ಯ
ನಾಟಿಯ ಗದ್ದೆಗೆ ಪೈರಿನ ಕಂತೆ ಎಸೆದ ಹಾಗೆ
ಒಬ್ಬೊಬ್ಬರನ್ನು ಒಂದೊಂದು ಕಡೆ ಬಿಟ್ಟುಕೊಂಡು ಬಂದರು.
ನನ್ನ ಪಾಲಿಗೆ ಒಂದು ಬಂಡೆ, ಪಕ್ಕದಲ್ಲಿ ಹುತ್ತ,
ಒಂದು ನೋಟ್‌ಬುಕ್ಕು, ನೀಲಿ ಪೆನ್ನು.
‘ಪೆನ್ಸಿಲ್ ಇಲ್ವಾ?’ ಅಂದೆ.
‘ಪೆನ್ಸಿಲ್ಲು ಯಾಕವ್ವ? ನೋಡಿದ ಜಿಂಕೇನ ಅಳಸಕ್ಕಾಗ್ತದಾ?’
ಹೊರಟುಹೋದರು. ಅವರ ಕಾಲಿಗೆ ತಾಗಿದ ಹುಲ್ಲಿನ ಸದ್ದು
ಸ್ವಲ್ಪ ಹೊತ್ತು ನನ್ನ ಜೊತೆಗಿತ್ತು. ಆಮೇಲೆ ಅದೂ ಹೋಯಿತು.

ಮೊದಲು ಕೊಂಬು ಬಂದವು,
ಯಾರೋ ಬಟ್ಟೆ ಹಿಂಡಿ ಹಾಗೇ ನಿಲ್ಲಿಸಿದ ಹಾಗೆ.
ಅವುಗಳ ಕೆಳಗೆ ಒಂದು ಕಪ್ಪು ಇರಳೆ,
ಹಿಂದೆ ಕಂದು ಹೆಣ್ಣುಗಳು, ಮರಿಗಳು, ಮತ್ತೆ ಹೆಣ್ಣುಗಳು.
ಹದಿನಾಲ್ಕಕ್ಕೆ ಒಂದು ನೆಗೆಯಿತು, ಲೆಕ್ಕ ಚೆದುರಿತು.
ಮತ್ತೆ ಒಂದರಿಂದ. ಇಪ್ಪತ್ತಕ್ಕೆ ಮತ್ತೆ ಚೆದುರಿತು.
ಮೂರನೇ ಸಲ ಒಂದು ಕಾರೆಗಿಡವನ್ನು ಹೊಸಿಲು ಮಾಡಿಕೊಂಡೆ.
ದಾಟಿದ್ದು ಲೆಕ್ಕಕ್ಕೆ, ದಾಟದ್ದು ಇಲ್ಲ.
ಮೂವತ್ತಾರು.
ಕೊನೆಗೆ ಹುಲ್ಲಿನೊಳಗೆ ಬರೀ ಒಂದು ಕಿವಿ ಬಂತು.
ಕಿವಿಯನ್ನು ಜಿಂಕೆ ಎಂದು ಬರೆಯಬಹುದೇ?
ಕೇಳಲು ಪಕ್ಕಕ್ಕೆ ತಿರುಗಿದೆ.
ಹುತ್ತವಿತ್ತು.
ಬರೆದೆ. ಮೂವತ್ತೇಳು.
ಶಾಯಿ ಒಣಗುವುದನ್ನು ನೋಡುತ್ತ ಕೂತೆ.

ಉಪ್ಪಿಟ್ಟಿನ ಹೊತ್ತಿಗೆ ಎಲ್ಲರೂ ಸೇರಿದಾಗ
ಮುಂದಿನ ಬಂಡೆಯ ಪ್ರಣೀತ, ಕ್ಲಾಸಿಗೇ ಮೊದಲಿಗ,
ಅದೇ ಗುಂಪಿಗೆ ನಲವತ್ತೊಂದು ಎಂದ.
ಎಲ್ಲರ ಮುಖ ನನ್ನ ಕಡೆ.
ಹಳೆಯ ಪದ ಬಿಕ್ಕಳಿಕೆಯಂತೆ ಗಂಟಲವರೆಗೂ ಬಂತು.
ಉಪ್ಪಿಟ್ಟು ನುಂಗಿದೆ. ಅದೂ ಜೊತೆಗೆ ಇಳಿಯಿತು.
‘ನನ್ನ ಕಾರೆಗಿಡ ದಾಟಿದ್ದು ಮೂವತ್ತೇಳು.’
ರಂಗಶಾಮಯ್ಯ ಎರಡನ್ನೂ ಬರೆದುಕೊಂಡರು,
ಒಂದರ ಕೆಳಗೊಂದು.
ಯಾವುದು ಸರಿ ಎಂದು ಯಾರೂ ಹೇಳಲಿಲ್ಲ.
ಇವತ್ತಿಗೂ ಗೊತ್ತಿಲ್ಲ.
‘ರುಜು ಹಾಕವ್ವ’ ಎಂದರು.
ಎಲ್ಲ ಕಡೆ ಓ. ಡಿ. ಎಂದು ಗೀಚಿ ಮುಚ್ಚಿಡುತ್ತಿದ್ದ ಅಜ್ಜಿಯ ಹೆಸರನ್ನು
ಅಲ್ಲಿ ಉದ್ದಕ್ಕೆ ಬರೆದೆ: ಓಬಳಮ್ಮ.

ರಬ್ಬರನ್ನೇನೂ ಎಸೆಯಲಿಲ್ಲ.
ಆ ವರ್ಷದ ಲೆಕ್ಕದ ಪರೀಕ್ಷೆಯಲ್ಲಿ ಮತ್ತೆ ಒರೆಸಿದೆ,
ಎರಡು ಸಲ; ಒಂದು ಸಲ ಒರೆಸಬಾರದಿತ್ತು.

ಆದರೆ ಆ ಸಂಜೆ, ಮಧುಗಿರಿ ಬಸ್ಸಿಳಿದು,
ಸಾಕ್ಸಿಗೆ ಅಂಟಿದ ಹುಲ್ಲಿನ ಮುಳ್ಳು ಕೀಳುತ್ತ
ಅಡುಗೆಮನೆ ಬಾಗಿಲಲ್ಲಿ ಕೂತು ‘ಹಸಿವಾಗಿದೆ’ ಅಂದೆ.
ಬಿಸಿ ಮುದ್ದೆಯನ್ನು ಒದ್ದೆ ಅಂಗೈಯಲ್ಲಿ ಹಿಡಿದ ಅವ್ವ
ಮುಂದಿನ ಪದಕ್ಕಾಗಿ ಕಾದಳು,
ಕೈ ಚುರುಗುಟ್ಟುವವರೆಗೆ.